ಗೂಡು ಸೇರದ ಕೋಳಿ

ಕೋಳಿಯ ಬುದ್ಧಿ ಎಂಬ ಮಾತನ್ನು ಯಾರಾದರೂ ಹೊಗಳಿಕೆಯ ಅರ್ಥದಲ್ಲಿ ಬಳಸಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಸಾಯಂಕಾಲದ ಹೊತ್ತು ಹಿತ್ತಿಲಲ್ಲಿ ಕೋಲು ಹಿಡಿದು ಓಡಾಡುವ ಗೃಹಸ್ಥರಂತೂ ಅದನ್ನು ಇನ್ನಷ್ಟು ಖಾರವಾಗಿಯೇ ಆಡುತ್ತಾರೆ. ಹಗಲೆಲ್ಲ ಕರೆದಲ್ಲಿಗೆ ಓಡಿಬರುವ ಪ್ರಾಣಿ, ಹೊತ್ತು ಮುಳುಗುತ್ತಲೂ ತನಗೆಂದೇ ಕಟ್ಟಿಸಿದ ಗೂಡನ್ನು ಬಿಟ್ಟು ನುಗ್ಗೆಯ ಮರವನ್ನೋ ಸೌದೆಯ ಒಟ್ಟಿಲನ್ನೋ ಬಚ್ಚಲುಮನೆಯ ಮಾಡನ್ನೋ ಏರಿ ಕುಳಿತುಬಿಡುತ್ತದೆ. ಅಟ್ಟಿದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಹಿಡಿದು ಒಳಗೆ ತಳ್ಳಿದರೆ ಮರುದಿನ ಸಂಜೆ ಮತ್ತೆ ಅಲ್ಲಿಯೇ. ಸಾಕಿದವನಿಗೆ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟು ಬಂದವನು ಕೋಳಿಯನ್ನು ಬೈಯುತ್ತಾನೆಯೇ ಹೊರತು ಗೂಡನ್ನು ಬೈಯುವುದಿಲ್ಲ. ಈ ವ್ಯಾಜ್ಯದಲ್ಲಿ ನಾನು ಕೋಳಿಯ ಪಕ್ಷದವನು. ಗೂಡು ಸೇರದ ಕೋಳಿಗೆ ಬಹುಮಟ್ಟಿಗೆ ತಕ್ಕ ಕಾರಣವೊಂದು ಇದ್ದೇ ಇರುತ್ತದೆ, ಆ ಕಾರಣ ಗೂಡಿನೊಳಗೇ ಇರುತ್ತದೆ ಎಂಬುದು ನನ್ನ ವಾದ.

ಸಾಹಿತ್ಯದ ಪುಟದಲ್ಲಿ ಕೋಳಿಗೂಡಿಗೇನು ಕೆಲಸವೆಂದು ಕೇಳುವ ವಾಚಕರು ಇರಬಹುದು. ಕನ್ನಡದ ಅಧ್ಯಾಪಕನಿಗೆ ಬೇರೆ ವಿಷಯ ಸಿಕ್ಕಲಿಲ್ಲವೇ ಎಂದು ನನ್ನ ಸಹೋದ್ಯೋಗಿಗಳಂತೂ ಕೇಳಿಯೇ ಕೇಳುತ್ತಾರೆ. ಹಾಗೆ ನೋಡಿದರೆ ನಮ್ಮ ಕವಿಗಳಿಗೆ ಕೋಳಿ ಅಪರಿಚಿತವಲ್ಲ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಕಥೆಯ ಕೀಲು ತಿರುಗುವುದೇ ಒಂದು ಹಿಟ್ಟಿನ ಕೋಳಿಯ ಮೇಲೆ; ಅದನ್ನು ಬಲಿಗೊಟ್ಟ ಸಂಕಲ್ಪಹಿಂಸೆಗಾಗಿ ರಾಜನೂ ಅವನ ತಾಯಿಯೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಕೋಳಿಗಳಾಗಿಯೂ ಹುಟ್ಟಿ ಸಾಯುತ್ತಾರೆ. ಬೆಳಗಿನ ವರ್ಣನೆಗೆ ಹೊರಟ ಕವಿಗೆ ಕೋಳಿಯ ಕೂಗು ಬೇಕೇ ಬೇಕು. ಜನ ಹೇಳುವ ಅಹಲ್ಯೆಯ ಕಥೆಯಲ್ಲಿ ಗೌತಮನನ್ನು ಹೊತ್ತಿಗೆ ಮುಂಚೆ ನದಿಗೆ ಕಳುಹಿಸುವುದೂ ಒಂದು ಕಳ್ಳ ಕೋಳಿಯ ಕೂಗೇ. ಹೀಗೆ ಕೂಗುವ ಕೋಳಿ ನಮಗೆ ಗೊತ್ತು, ಬಲಿಯಾಗುವ ಕೋಳಿ ಗೊತ್ತು. ಮಲಗುವ ಕೋಳಿಯ ಕಡೆಗೆ ಮಾತ್ರ ನಾವು ತಿರುಗಿ ನೋಡಿದ್ದು ಕಡಮೆ. ಕೋಳಿ ಎಂದರೆ ಮೂಗು ಮುರಿಯುವ ಮನೆಗಳಲ್ಲಿ ಹುಟ್ಟಿದವರೇ ಬಹುಕಾಲ ನಮ್ಮಲ್ಲಿ ಪುಸ್ತಕ ಬರೆದದ್ದೂ ಇದಕ್ಕೆ ಒಂದು ಕಾರಣವಿದ್ದೀತು. ಮಲೆನಾಡಿನ ಕಾದಂಬರಿಗಳು ಬಂದ ಮೇಲೆ ಕೋಳಿಯೊಡ್ಡಿಗೂ ಒಂದಿಷ್ಟು ಸ್ಥಳ ಸಿಕ್ಕಿತು. ಆ ಮಾತು ಇಲ್ಲಿಗೆ ಸಾಕು. ದನಗಳು ಮನೆಗೆ ಮರಳುವ ಹೊತ್ತಿಗೆ ಗೋಧೂಳಿಯೆಂಬ ಚೆಲುವಾದ ಹೆಸರಿದೆ. ಅದೇ ಹೊತ್ತಿನಲ್ಲಿ ಗೂಡಿಗೆ ಮರಳುವ ಕೋಳಿಯ ಪಾಲಿಗೆ, ಹೆಂಗಸರ ಬಾಯಲ್ಲಿರುವ ‘ಕೋಳಿ ಮುಚ್ಚೋ ಹೊತ್ತು’ ಎಂಬ ಮೂರು ಬರಿಯ ಮಾತುಗಳೇ ಗತಿ. ಆ ಮೂರು ಮಾತುಗಳಲ್ಲಿ ಎಷ್ಟು ಸಂಸಾರಗಳ ಲೆಕ್ಕ ಅಡಗಿದೆಯೆಂಬುದನ್ನು ಮುಂದೆ ಹೇಳುತ್ತೇನೆ.

ಕೋಳಿ ಮನೆಯ ಪ್ರಾಣಿಯಾದದ್ದು ಈಚೆಗೆ. ಮರದ ಪ್ರಾಣಿಯಾಗಿದ್ದದ್ದು ಅದಕ್ಕೂ ಬಹುಕಾಲದ ಹಿಂದಿನಿಂದ. ಊರಕೋಳಿಗಳ ಮೂಲಪುರುಷ ಕೆಂಪು ಕಾಡುಕೋಳಿಯೆಂದು ಡಾರ್ವಿನ್ನನು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದನು. 2020ರಲ್ಲಿ ಹೊರಬಂದ ವಂಶವಾಹಿಗಳ ದೊಡ್ಡ ಅಧ್ಯಯನವೊಂದು ಆ ಮಾತಿಗೆ ಬಲ ಕೊಟ್ಟು, ನೈಋತ್ಯ ಚೀನ, ಉತ್ತರ ಥೈಲ್ಯಾಂಡ್, ಮ್ಯಾನ್ಮಾರ್‌ಗಳ ಸೀಮೆಯನ್ನು ಅದರ ತವರೆಂದು ಗುರುತಿಸಿತು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಇರುವುದು ಬೇರೊಂದು ಜಾತಿ, ಬೂದು ಕಾಡುಕೋಳಿ. ಆದರೂ ನಮ್ಮ ಅಂಗಳದ ಕೋಳಿಗೆ ಅದು ತೀರ ಹೊರಗಿನದೇನೂ ಅಲ್ಲ. ಊರಕೋಳಿಗಳ ಹಳದಿ ಚರ್ಮ, ಹಳದಿ ಕಾಲು ಈ ಬೂದು ಕಾಡುಕೋಳಿಯಿಂದ ಬಂದ ಬಳುವಳಿಯೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಎರಡು ಜಾತಿಗಳೂ ಹಗಲು ನೆಲ ಕೆದಕಿ, ರಾತ್ರಿ ಮರದ ಮೇಲೆ ಕೂರತಕ್ಕವು. ಅದಕ್ಕೆ ಕಾರಣ ಅವುಗಳ ಕಣ್ಣು. ಬಣ್ಣಗಳ ಭೇದವನ್ನು ಕಾಣುವುದರಲ್ಲಿ ಮನುಷ್ಯನನ್ನು ಮೀರಿಸುವ ಆ ಕಣ್ಣು ಮಬ್ಬುಗತ್ತಲಲ್ಲಿ ಏನಕ್ಕೂ ಬಾರದು. ಕತ್ತಲಾದ ಮೇಲೆ ನೆಲದಲ್ಲಿ ಉಳಿದ ಕೋಳಿ ನರಿಯ ಪಾಲು, ಕಾಡುಬೆಕ್ಕಿನ ಪಾಲು. ಆದಕಾರಣ ಕೋಳಿಯ ಸಾಯಂಕಾಲದ ಧರ್ಮಶಾಸ್ತ್ರದಲ್ಲಿ ಎರಡೇ ಸೂತ್ರಗಳು: ಮಲಗುವ ಸ್ಥಳ ಎತ್ತರದಲ್ಲಿರಬೇಕು, ಕಣ್ಣು ಕಾಣುವಾಗಲೇ ಅಲ್ಲಿಗೆ ಸೇರಬೇಕು. ನುಗ್ಗೆಮರವನ್ನೇರಿದ ಹೇಂಟೆಯನ್ನು ಹಟಮಾರಿ ಎನ್ನುವುದು ಅನ್ಯಾಯ. ಅದು ಕೇವಲ ಸಂಪ್ರದಾಯಸ್ಥೆ.

ಈಗ ಈ ಎರಡು ಸೂತ್ರಗಳನ್ನು ಹಿಡಿದುಕೊಂಡು ನಮ್ಮ ಗೂಡುಗಳನ್ನು ನೋಡಬೇಕು. ಜಗಲಿಯ ಅಡಿಯಲ್ಲಿ ಕಲ್ಲು ಜೋಡಿಸಿ ಮಾಡಿದ ಪೊಟರೆ ಒಂದು ಬಗೆ. ಹಳೆಯ ತಗಡುಗಳನ್ನು ಬಡಿದು ಮಾಡಿದ ಪೆಟ್ಟಿಗೆ ಇನ್ನೊಂದು. ಬೋರಲು ಹಾಕಿ ಮೇಲೊಂದು ಕಲ್ಲು ಹೇರಿದ ಮಂಕರಿ ಮತ್ತೊಂದು. ಮಂಕರಿಯಲ್ಲಿ ಗಾಳಿಯಾದರೂ ಆಡುತ್ತದೆ. ಮಿಕ್ಕ ಎರಡರಲ್ಲಿ, ಹೊರಗೆ ಇನ್ನೂ ಕೆಂಪು ಬೆಳಕು ಉಳಿದಿರುವಾಗಲೇ ಒಳಗೆ ಕಗ್ಗತ್ತಲೆ. ಬಾಗಿಲ ಮುಂದೆ ನಿಂತ ಕೋಳಿಗೆ ಕಾಣುವುದು ಒಂದು ಕರಿಯ ತೂತು ಮಾತ್ರ. ಅದರೊಳಗೆ ಹಾವಿದೆಯೋ ಹೆಗ್ಗಣವಿದೆಯೋ ಎಂದು ಕೋಳಿ ಅನುಮಾನಿಸಿದರೆ ಅದನ್ನು ದಡ್ಡತನವೆನ್ನಬೇಕೆ, ವಿವೇಕವೆನ್ನಬೇಕೆ? ಪಡುವಣ ಗೋಡೆಯಲ್ಲಿ ಒಂದು ಗೇಣು ಅಗಲದ ಕಿಂಡಿ ತೆಗೆದು, ಅದಕ್ಕೆ ಬಿಗಿಯಾದ ಬಲೆ ಹೊಡೆದರೆ ಮುಳುಗುವ ಸೂರ್ಯನ ಬೆಳಕು ಒಳಗೆ ಬೀಳುತ್ತದೆ. ಕಿಂಡಿ ತೆಗೆಯಲು ಬಾರದ ಕಡೆ ಒಂದು ಸಣ್ಣ ದೀಪವನ್ನು ಅರ್ಧ ಗಂಟೆ ಒಳಗೆ ಉರಿಸಬಹುದು. ಆದರೆ ಕೋಳಿಗಳೆಲ್ಲ ಏರಿ ಕುಳಿತವೆಂದು ನೋಡಿಕೊಂಡೇ ದೀಪ ಆರಿಸತಕ್ಕದ್ದು. ನೆಲದಲ್ಲಿರುವಾಗ ಆರಿಸಿದರೆ ಅವು ನಿಂತಲ್ಲೇ ಬೆಳಗು ಮಾಡುತ್ತವೆ. ಇದಕ್ಕೆ ತಿರುಗುಮುರುಗಾದ ತೊಂದರೆಯೂ ಈಗ ಹುಟ್ಟಿಕೊಂಡಿದೆ. ಹಿತ್ತಿಲಲ್ಲಿ ಹಾಲಿನಂಥ ಬೆಳಕಿನ ವಿದ್ಯುದ್ದೀಪವನ್ನು ಸಂಜೆಯ ಮುಂಚೆಯೇ ಹೊತ್ತಿಸಿಬಿಡುವ ಮನೆಗಳಲ್ಲಿ ಕೋಳಿಗೆ ಹಗಲು ಮುಗಿಯುವುದೇ ಇಲ್ಲ. ಒಳಗೆ ಅಮಾವಾಸ್ಯೆ, ಹೊರಗೆ ಹುಣ್ಣಿಮೆ. ಅದು ಹೊರಗೇ ಉಳಿಯುತ್ತದೆ.

ಇನ್ನು ಎತ್ತರದ ಮಾತು. ನೆಲದ ಮೇಲೆ ಹೊಟ್ಟು ಹರವಿ ಬಾಗಿಲಿಟ್ಟ ಮಾತ್ರಕ್ಕೆ ಗೂಡು ಆಗುವುದಿಲ್ಲ. ಒಳಗೆ ಅಡ್ಡಗೋಲು ಬೇಕು. ಒಂದು ಕೋಳಿಗೆ ಎಂಟು ಹತ್ತು ಅಂಗುಲದ ಲೆಕ್ಕದಲ್ಲಿ ಉದ್ದ, ಸುಮಾರು ಎರಡು ಅಂಗುಲ ದಪ್ಪ, ಅಂಚು ಹೆರೆದು ನಯಮಾಡಿದ ಮರವಾದರೆ ಉತ್ತಮ. ಬಿದಿರೂ ಆದೀತು, ಜಾರುವ ಕಬ್ಬಿಣದ ಕೊಳವೆ ಬೇಡ. ಮೊಟ್ಟೆಯಿಡುವ ಬುಟ್ಟಿಗಿಂತ ಅದು ಎತ್ತರದಲ್ಲಿರಬೇಕು. ಇಲ್ಲವಾದರೆ ಎತ್ತರವನ್ನೇ ಹುಡುಕುವ ಕೋಳಿ ಬುಟ್ಟಿಯಲ್ಲಿ ಮಲಗಿ, ಬೆಳಗಿನ ಮೊಟ್ಟೆ ಹಿಕ್ಕೆಯಲ್ಲಿ ಸಿಕ್ಕುತ್ತದೆ. ಹಲವು ಕೋಲುಗಳಿದ್ದರೆ ಎಲ್ಲವೂ ಒಂದೇ ಮಟ್ಟದಲ್ಲಿರುವುದು ಲೇಸು. ಒಂದು ಮೇಲೆ ಒಂದು ಕೆಳಗೆ ಆದರೆ ಎಲ್ಲರಿಗೂ ಮೇಲಿನ ಪೀಠವೇ ಬೇಕು. ಯುರೋಪಿನ ಒಕ್ಕೂಟವು 1999ರಲ್ಲಿ ಮಾಡಿದ ನಿಯಮದಲ್ಲಿ, ಮೊಟ್ಟೆಯ ಕೋಳಿ ಒಂದೊಂದಕ್ಕೂ ಕಡೆಯ ಪಕ್ಷ 15 ಸೆಂಟಿಮೀಟರ್ ಅಡ್ಡಗೋಲು ಇರತಕ್ಕದ್ದೆಂದು ಬರೆಯಿತು. ಸಾವಿರಗಟ್ಟಲೆ ಕೋಳಿಗಳನ್ನು ಕೂಡಿಹಾಕುವವರಿಗೆ ಕಾನೂನಿನಿಂದ ಹೇಳಬೇಕಾದ ಮಾತನ್ನು ಹತ್ತು ಕೋಳಿ ಸಾಕುವವರು ಕಾನೂನಿಲ್ಲದೆಯೇ ತಿಳಿಯಬಹುದು.

ಕೆಲವು ಕಡೆ ಕೋಲೂ ಇರುತ್ತದೆ, ಬೆಳಕೂ ಇರುತ್ತದೆ. ವರ್ಷಗಟ್ಟಲೆ ನೆಮ್ಮದಿಯಾಗಿ ಮಲಗುತ್ತಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಒಂದು ದಿನ ಗೂಡನ್ನು ಬಹಿಷ್ಕರಿಸುತ್ತವೆ. ದೃಷ್ಟಿಯಾಯಿತು ಎನ್ನುವವರುಂಟು, ಪೀಡೆ ಮೆಟ್ಟಿತು ಎನ್ನುವವರುಂಟು. ಪೀಡೆಯೆಂಬುದು ಒಂದು ಬಗೆಯಲ್ಲಿ ದಿಟ. ಕೆಂಪು ನುಸಿ ಎಂಬ ಕ್ರಿಮಿಯೊಂದಿದೆ, ಎಳ್ಳಿಗಿಂತ ಸಣ್ಣದು. ಹಗಲೆಲ್ಲ ಅದು ಗೋಡೆಯ ಬಿರುಕಿನಲ್ಲಿ, ಕೋಲಿನ ಸಂದಿಯಲ್ಲಿ, ತೂಗುಹಾಕಿದ ಹಗ್ಗದ ಗಂಟಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಟು ಮಲಗಿದ ಕೋಳಿಯ ರಕ್ತವನ್ನು ಹೀರಿ, ಬೆಳಗಾಗುವ ಮೊದಲು ತನ್ನ ಬಿಲ ಸೇರುತ್ತದೆ. ಕೋಳಿಯ ಉಣ್ಣೆಯದೂ ಹೆಚ್ಚು ಕಡಮೆ ಇದೇ ದಿನಚರಿ. ಹಗಲು ಕೋಳಿಯನ್ನು ಹಿಡಿದು ಗರಿ ಬಿಡಿಸಿ ನೋಡಿದವನಿಗೆ ಏನೂ ಕಾಣುವುದಿಲ್ಲ. ಆದ್ದರಿಂದಲೇ ಕೋಳಿಗೆ ಕಾರಣವಿಲ್ಲದ ಹಟವೆಂಬ ಅಪಕೀರ್ತಿ. ರಾತ್ರಿ ದೀಪ ಹಿಡಿದು ಹೋಗಿ, ಕೋಲಿನ ಅಡಿಭಾಗವನ್ನು ಬಿಳಿಯ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಯ ಮೇಲೆ ರಕ್ತದ ಗೀರು ಮೂಡಿದರೆ ವ್ಯಾಜ್ಯ ಇತ್ಯರ್ಥವಾದಂತೆ. ಈ ಕ್ರಿಮಿ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದಾದ್ದರಿಂದ ನಾಲ್ಕು ದಿನ ಗೂಡು ಖಾಲಿ ಬಿಟ್ಟರೆ ಸಾಲದು. ಕೋಲುಗಳನ್ನು ಕಿತ್ತು ಕುದಿಯುವ ನೀರು ಸುರಿದು, ಹೊಟ್ಟನ್ನು ಹೊರಗೆ ಸುಟ್ಟು, ಬಿರುಕುಗಳನ್ನು ಮೆತ್ತಿ, ಸುಣ್ಣ ಬಳಿದು, ವಾರ ಬಿಟ್ಟು ಮತ್ತೆ ನೋಡಬೇಕು. ನಮ್ಮ ಹಿರಿಯ ಹೆಂಗಸರು ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಉಳಿದ ಸುಣ್ಣವನ್ನು ಕೋಳಿಗೂಡಿಗೆ ಬಳಿಯುತ್ತಿದ್ದುದು ಚೆಂದಕ್ಕಲ್ಲ. ಆ ಪದ್ಧತಿಯನ್ನು ತೈಲವರ್ಣದ ಡಬ್ಬಗಳು ಬಂದು ಕೆಡಿಸಿದವು.

ಸಮಾಜದ ಜಗಳಗಳೂ ಇವೆ. ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಕಟ್ಟುನಿಟ್ಟಾದ ಮೇಲುಕೀಳಿನ ಶ್ರೇಣಿಯಿದೆಯೆಂದು ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸನು ಒಂದು ಶತಮಾನದ ಹಿಂದೆಯೇ ನಿರೂಪಿಸಿದನು. ಹೊಸದಾಗಿ ತಂದ ಎಳೆಯ ಹೇಂಟೆಯನ್ನು ಹಳೆಯವು ಬಾಗಿಲಲ್ಲೇ ಕುಕ್ಕಿ ಅಟ್ಟುವುದನ್ನು ಸಂಜೆ ಒಂದು ಗಳಿಗೆ ನಿಂತು ನೋಡಿದವರೆಲ್ಲ ಬಲ್ಲರು. ಅದು ಹೊರಗೆ ಮಲಗಿದರೆ ಅದರ ತಪ್ಪೇನು? ಕೋಲಿನ ಉದ್ದ ಹೆಚ್ಚಿಸಿದರೆ, ಸಾಧ್ಯವಾದರೆ ಇನ್ನೊಂದು ಬಾಗಿಲಿಟ್ಟರೆ, ಜಗಳ ಅರ್ಧ ಇಳಿಯುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವಂಥದ್ದು ಇದರಲ್ಲಿ ಏನಿದೆ ಎಂದು ಕೇಳುವವರಿಗೆ ಒಂದು ರಜಾ ಪತ್ರದ ಸಂಗತಿ ಹೇಳಬೇಕು. ಸಂಜೆಯ ವಿಶೇಷ ತರಗತಿಗಳಿಂದ ವಿನಾಯಿತಿ ಬೇಡಿ ನನ್ನ ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರದಲ್ಲಿ ‘ಕೋಳಿಗಳನ್ನು ಗೂಡಿಗೆ ಸೇರಿಸತಕ್ಕದ್ದಿರುವುದರಿಂದ’ ಎಂಬ ಕಾರಣವಿತ್ತು. ಅಧ್ಯಾಪಕರ ಕೊಠಡಿಯಲ್ಲಿ ಆ ಪತ್ರ ಕೈಯಿಂದ ಕೈಗೆ ದಾಟಿತು, ಕೆಲವರು ನಕ್ಕರು. ವ್ಯಾಕರಣದಲ್ಲಿ ದೋಷವಿರಲಿಲ್ಲ; ನಕ್ಕದ್ದು ವಿಷಯಕ್ಕೆ. ವಿಚಾರಿಸಿದಾಗ ತಿಳಿದದ್ದು ಇಷ್ಟು: ತಾಯಿ ಕೂಲಿಯಿಂದ ಮರಳುವುದು ಕತ್ತಲಾದ ಮೇಲೆ. ಹಿಂದಿನ ತಿಂಗಳು ಗೂಡು ಸೇರದೆ ಹೊರಗೆ ಉಳಿದ ನಾಲ್ಕು ಹೇಂಟೆಗಳನ್ನು ಒಂದೇ ರಾತ್ರಿ ಪುನುಗಿನ ಬೆಕ್ಕು ಮುಗಿಸಿತ್ತು. ಮಿಕ್ಕ ಏಳರ ಮೊಟ್ಟೆಯಿಂದಲೇ ಹುಡುಗಿಯ ಬಸ್ಸಿನ ಖರ್ಚು, ಪರೀಕ್ಷೆಯ ಶುಲ್ಕ. ಬತ್ತದ ಹಣ, ಅಡಕೆಯ ಹಣ ಮನೆಯ ಯಜಮಾನನ ಕೈ ಸೇರುತ್ತದೆ. ಮೊಟ್ಟೆಯ ಹಣ ಸಾಸಿವೆ ಡಬ್ಬಿಯಲ್ಲಿ ಉಳಿಯುತ್ತದೆ, ಮಗಳ ಪುಸ್ತಕಕ್ಕೆ ಬರುವುದು ಅದೇ. ಈಗ ಆ ಹಣವನ್ನು ಕಾಯುವ ಸಲುವಾಗಿ ಮಗಳು ಪುಸ್ತಕ ಓದುವ ಹೊತ್ತನ್ನೇ ತೆತ್ತು, ದಿನವೂ ಒಂದು ಗಂಟೆ ಕೋಲು ಹಿಡಿದು ಕೋಳಿಗಳ ಹಿಂದೆ ಓಡುತ್ತಿದ್ದಳು. ಗ್ರಂಥಾಲಯದಲ್ಲಿ ಅವಳ ಹೆಸರಿಗೆ ಪುಸ್ತಕಗಳು ಏಕೆ ಬರೆಯಲ್ಪಡುವುದಿಲ್ಲವೆಂಬುದಕ್ಕೆ ನಾವು ಬೇರೆ ಬೇರೆ ಕಾರಣಗಳನ್ನು ಊಹಿಸಿಕೊಂಡಿದ್ದೆವು.

ಅವಳ ಮನೆಯ ಕೋಳಿಗಳು ಹಳೆಯ ನಾಟಿ ತಳಿಯವಲ್ಲ. ಯಾವುದೋ ಯೋಜನೆಯಲ್ಲಿ ಹಂಚಿದ ಮರಿಗಳು. ಹಿತ್ತಿಲ ಸಾಕಣೆಗೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಗಿರಿರಾಜ ಮೊದಲಾದ ತಳಿಗಳು ಬಡ ಸಂಸಾರಗಳಿಗೆ ಮಾಡಿರುವ ಉಪಕಾರವನ್ನು ಅಲ್ಲಗಳೆಯಲಾಗದು. ಅವು ಬೇಗ ಬೆಳೆಯುತ್ತವೆ, ಹೆಚ್ಚು ಮೊಟ್ಟೆಯಿಡುತ್ತವೆ. ಆದರೆ ಯಂತ್ರದ ಕಾವಿನಲ್ಲಿ ಹುಟ್ಟಿ, ದೀಪದ ಶಾಖದಲ್ಲಿ ನೆಲದ ಮೇಲೆಯೇ ನಾಲ್ಕಾರು ವಾರ ಬೆಳೆದ ಮರಿಗೆ ತಾಯಿಯಿಲ್ಲ. ನಾಟಿಕೋಳಿಯ ಪಿಳ್ಳೆಗಳು ಮೊದಲು ತಾಯಿಯ ರೆಕ್ಕೆಯಡಿ ನೆಲದಲ್ಲಿ ಮಲಗಿ, ಗರಿ ಬಲಿತ ಮೇಲೆ ಒಂದು ಸಂಜೆ ಅವಳ ಹಿಂದೆಯೇ ಕೋಲನ್ನೇರಲು ಕಲಿಯುತ್ತವೆ. ಎಳವೆಯಲ್ಲಿ ಕೋಲು ಕಾಣದ ಮರಿ ದೊಡ್ಡದಾದ ಮೇಲೂ ಕೋಲನ್ನೇರಲು ತಡವರಿಸುತ್ತದೆ. ಮೇಲಾಗಿ ಈ ತಳಿಗಳ ಮೈ ಭಾರ. ಒಂದೂವರೆ ಅಡಿಗಿಂತ ಎತ್ತರವಾದರೆ ಮೆಟ್ಟಿಲಿನಂಥ ಹಲಗೆ ಬೇಕು. ಮರಿ ಹಂಚುವ ಸಮಾರಂಭದಲ್ಲಿ ಭಾಷಣಗಳಾಗುತ್ತವೆ, ಛಾಯಾಚಿತ್ರಗಳಾಗುತ್ತವೆ. ಮರಿಯೊಡನೆ ಒಂದು ಮಾರು ಬಿದಿರನ್ನೂ, ಅದನ್ನು ಯಾವ ಎತ್ತರದಲ್ಲಿ ಕಟ್ಟಬೇಕೆಂಬ ಎರಡು ಸಾಲು ಕನ್ನಡವನ್ನೂ ಕೊಡುವುದು ಕಷ್ಟವೇ? ನಮ್ಮಂಥವರು ಬರೆದುಕೊಡಬಹುದಾದ ಕನ್ನಡವೆಂದರೆ ಅದೇ. ಹಳೆಗನ್ನಡದ ಪಾಠಾಂತರಗಳ ಮೇಲೆ ನಾಲ್ಕು ತಾಸು ಚರ್ಚೆ ಮಾಡಬಲ್ಲ ನಾವು ಆ ಎರಡು ಸಾಲನ್ನು ಬರೆಯಲಿಲ್ಲವೆಂಬುದು ನನಗೆ ಆಗಾಗ ಚುಚ್ಚುತ್ತದೆ.

ಗೂಡು ಸರಿಯಾದ ಮೇಲೆ ಕೋಳಿಗೆ ಕಲಿಸುವ ಕೆಲಸ ದೊಡ್ಡದಲ್ಲ. ಹೊಸದಾಗಿ ತಂದವುಗಳನ್ನು ಒಂದು ವಾರ ಹೊರಗೆ ಬಿಡದೆ, ನೀರು ಕಾಳು ಒಳಗೇ ಕೊಟ್ಟು ಇಟ್ಟುಕೊಂಡರೆ ಇದು ನನ್ನ ಮನೆಯೆಂಬ ಭಾವ ಹುಟ್ಟುತ್ತದೆ. ಆಮೇಲೆ ಗೂಡನ್ನು ಜರುಗಿಸಬಾರದು. ನಾಲ್ಕು ಗಜ ಸರಿಸಿದರೂ ಕೋಳಿ ಸಂಜೆ ಹಳೆಯ ಸ್ಥಳಕ್ಕೇ ಬಂದು ಪೆಚ್ಚಾಗಿ ನಿಲ್ಲುತ್ತದೆ. ದಿನದ ಕಡೆಯ ಹಿಡಿ ರಾಗಿಯನ್ನೋ ಜೋಳವನ್ನೋ ಗೂಡಿನೊಳಗೇ ಚೆಲ್ಲಬೇಕು, ಅದೇ ಹೊತ್ತಿಗೆ, ಅದೇ ಕೂಗಿನಿಂದ ಕರೆದು. ಆ ಕೂಗು ಮನೆಗೊಂದು ಬಗೆ. ಬರೆಯಹೊರಟರೆ ನಮ್ಮ ವರ್ಣಮಾಲೆ ಸೋಲುತ್ತದೆ. ಇಷ್ಟಾಗಿಯೂ ಹೊರಗೆ ಕುಳಿತದ್ದನ್ನು ಬೆಳಕಿರುವಾಗ ಅಟ್ಟಕೂಡದು. ಅಟ್ಟಿಸಿಕೊಂಡ ಕೋಳಿ ಗೂಡಿನ ಹೆಸರಿಗೇ ಹೆದರುತ್ತದೆ. ಕತ್ತಲು ಕವಿಯುವವರೆಗೆ ಕಾದು, ಕಣ್ಣು ಕಾಣದೆ ಮುದುರಿ ಕುಳಿತಿರುವಾಗ ಎರಡೂ ಕೈಯಿಂದ ಮೆಲ್ಲಗೆ ಎತ್ತಿ ತಂದು ಒಳಗಿನ ಕೋಲಿನ ಮೇಲೆ ಕೂರಿಸಬೇಕು. ಬೆಳಗ್ಗೆ ಅದು ಅಲ್ಲಿಯೇ ಎಚ್ಚರಗೊಳ್ಳುತ್ತದೆ. ಹೀಗೆ ಹತ್ತು ಹದಿನೈದು ರಾತ್ರಿ. ಮೇಲೆ ಹೇಳಿದ ಹುಡುಗಿಯ ಮನೆಯಲ್ಲಿ ಪಡುವಣ ಕಿಂಡಿಯೂ ಎರಡು ಬಿದಿರಿನ ಕೋಲುಗಳೂ ಬಂದ ಮೇಲೆ ಮೂರನೆಯ ವಾರಕ್ಕೆ ಕೋಳಿಗಳು ತಾವಾಗಿಯೇ ಒಳಗೆ ಹೋಗತೊಡಗಿದವು. ಬಾಗಿಲಿಗೆ ಅಗುಳಿ ಹಾಕುವ ಕೆಲಸವನ್ನು ನೆರೆಮನೆಯ ಮುದುಕಿ ಒಪ್ಪಿಕೊಂಡಳು. ಹುಡುಗಿ ಈಗ ಆರೂವರೆಯ ಬಸ್ಸಿಗೆ ಹೋಗುತ್ತಾಳೆ. ಅಗುಳಿಯ ವಿಷಯದಲ್ಲಿ ಮಾತ್ರ ಯಾರೂ ಸಡಿಲ ಬಿಡಬಾರದು. ಗೂಡು ಸೇರಿದ ಕೋಳಿಗೆ ತೆರೆದ ಬಾಗಿಲು ಮರಕ್ಕಿಂತ ಅಪಾಯ. ಮರದಿಂದ ಹಾರಿಯಾದರೂ ಹೋಗಬಹುದು, ಗೂಡಿನೊಳಕ್ಕೆ ಬೆಕ್ಕು ನುಗ್ಗಿದರೆ ಹಾರುವುದೆಲ್ಲಿಗೆ?

ಮರದ ಮೇಲೆಯೇ ಮಲಗಲಿ ಬಿಡಿ, ಅದೇ ಅದರ ಪ್ರಕೃತಿಯಲ್ಲವೇ ಎಂದು ವಾದಿಸುವ ಸ್ನೇಹಿತರೂ ನನಗುಂಟು. ನನ್ನ ಸಂಪ್ರದಾಯಸ್ಥೆಯ ಮಾತನ್ನೇ ನನಗೆ ತಿರುಗಿಸಿ ಹೇಳುತ್ತಾರೆ. ಕಾಡುಕೋಳಿ ತೆಳುಮೈಯದು, ದಟ್ಟ ಎಲೆಯ ನಡುವೆ ತಾವೇ ಆರಿಸಿದ ಕೊಂಬೆಯ ಮೇಲೆ ಮಲಗುತ್ತದೆ. ನಮ್ಮ ಹಿತ್ತಿಲ ನುಗ್ಗೆಗೆ ಎಲೆಯೆಷ್ಟು, ನೆರಳೆಷ್ಟು? ಆಷಾಢದ ಮಳೆಯಲ್ಲಿ ರಾತ್ರಿಯೆಲ್ಲ ನೆನೆದ ಕೋಳಿ ಬೆಳಗ್ಗೆ ಮೂಗಿನಲ್ಲಿ ಸುರಿಸುತ್ತ ನಿಂತಾಗ ಪ್ರಕೃತಿಯ ಮಾತು ಯಾರ ನೆನಪಿಗೂ ಬಾರದು. ಆದರೂ ಏಳೆಂಟು ವರ್ಷದ ಯಾವುದೋ ಒಂದು ಹಳೆಯ ಹೇಂಟೆ, ಎಷ್ಟು ಇಳಿಸಿ ತಂದರೂ ತನ್ನ ಕೊಂಬೆಯನ್ನು ಬಿಡದೆ ಇರುವುದುಂಟು. ಅಂಥದನ್ನು ಕಾಡಿಸಬಾರದು. ಮರದ ಬುಡಕ್ಕೆ ಎದೆಯೆತ್ತರದಲ್ಲಿ ಎರಡಡಿ ಅಗಲದ ನುಣುಪಾದ ತಗಡನ್ನು ಸುತ್ತಿ, ಪಕ್ಕದ ಮಾಡಿಗೆ ತಾಗುವ ಕೊಂಬೆಗಳನ್ನು ಕಡಿದರೆ ಬೆಕ್ಕು ಹತ್ತುವುದು ಕಷ್ಟವಾಗುತ್ತದೆ. ಗೂಬೆಗೆ ಆ ತಗಡು ಲೆಕ್ಕಕ್ಕಿಲ್ಲ.